ಅಮೆರಿಕದಲ್ಲಿ ಇಂಟರ್‌ನೆಟ್ ಹಾಕಿಸುವ ಮುನ್ನ: ತೂಬು ಯಾರ ಕೈಲಿದೆ ನೋಡಿಕೊಳ್ಳಿ

ಮೈಸೂರು, ಮಂಡ್ಯದ ಮನೆಗಳಲ್ಲಿ ಇಂಟರ್‌ನೆಟ್ ಬಳಸಿದವರೆಲ್ಲ ಗೊತ್ತಿಲ್ಲದೆಯೇ ಒಂದು ನಿಯಮದ ನೆರಳಲ್ಲಿ ಇದ್ದವರು. ಯಾವ ಆ್ಯಪ್ ನೋಡುತ್ತೀರಿ ಎಂಬುದರ ಮೇಲೆ ಡೇಟಾಗೆ ಬೇರೆ ಬೇರೆ ದರ ಹಾಕುವಂತಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2016ರ ಫೆಬ್ರವರಿ 8ರಂದು ನಿಯಮ ಮಾಡಿತು. ಮೀರಿದ ಕಂಪನಿಗೆ ದಿನಕ್ಕೆ 50 ಸಾವಿರ ರೂಪಾಯಿಯಂತೆ 50 ಲಕ್ಷದವರೆಗೆ ದಂಡ. ಆಯ್ದ ಕೆಲವು ಸೈಟುಗಳನ್ನಷ್ಟೇ ಉಚಿತವಾಗಿ ಕೊಡುತ್ತಿದ್ದ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ನಮ್ಮಲ್ಲಿ ಗಂಟುಮೂಟೆ ಕಟ್ಟಿದ್ದು ಇದರಿಂದಲೇ. ವೇಗದಲ್ಲೂ ತಾರತಮ್ಯ ಮಾಡಬಾರದೆಂಬ ಷರತ್ತು 2018ರಲ್ಲಿ ಕಂಪನಿಗಳ ಲೈಸೆನ್ಸಿಗೇ ಸೇರಿತು. ಕೆಲಸಕ್ಕೋ ಓದಿಗೋ ಅಮೆರಿಕಕ್ಕೆ ಹೊರಟವರು ಅಲ್ಲೂ ಹೀಗೇ ಅಂದುಕೊಂಡಿರುತ್ತಾರೆ. ಅಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಇಂಥ ನಿಯಮ ಇಲ್ಲ. ಬಾಡಿಗೆ ಮನೆ ಯಾವ ರಾಜ್ಯದಲ್ಲಿ ಹಿಡಿದಿರಿ ಎಂಬುದರ ಮೇಲೆ ನಿಮ್ಮ ಹಕ್ಕು ನಿಂತಿದೆ.

ಈ ನಿಯಮದ ಹಿಂದಿನ ವಾದ ಏನೆಂದು ತಿಳಿಯಲು ಮಂಡ್ಯದ ವಿ.ಸಿ. ನಾಲೆಯ ಬಯಲು ಸಾಕು. ನೀರುಗಂಟಿ ತೂಬು ಎತ್ತುವಾಗ ಗದ್ದೆ ಯಾರದು, ಅದರಲ್ಲಿರುವುದು ಕಬ್ಬೋ ಭತ್ತವೋ ಎಂದು ನೋಡಬಾರದು. ಸರದಿ ಬಂದವರಿಗೆ ನೀರು ಬಿಡಬೇಕು. ನೆಟ್ ನ್ಯೂಟ್ರಾಲಿಟಿ ಎಂದರೆ ಇಷ್ಟೇ. ಒಂದು ಸೈಟಿನ ತೂಬನ್ನು ಪೂರ್ತಿ ಮುಚ್ಚಬಾರದು, ಅರ್ಧ ಇಳಿಸಿ ನಿಧಾನ ಮಾಡಬಾರದು, ದುಡ್ಡು ಕೊಟ್ಟ ಸೈಟಿಗೆ ಸರದಿ ತಪ್ಪಿಸಿ ಮೊದಲು ಬಿಡಬಾರದು. ಎದುರು ವಾದವೂ ನಾಲೆಯಲ್ಲೇ ಇದೆ. ಕೆಆರ್‌ಎಸ್‌ನಲ್ಲಿ ನೀರು ತಗ್ಗಿದ ವರ್ಷ ಇಲಾಖೆಯವರೇ ಭತ್ತ ಬೇಡ, ಅರೆ ಖುಷ್ಕಿ ಬೆಳೆ ಹಾಕಿ ಎನ್ನುವುದಿಲ್ಲವೇ? ದಟ್ಟಣೆಯಾದಾಗ ಯಾರಾದರೂ ನಿಂತು ನಿರ್ವಹಿಸಲೇಬೇಕು, ನಾಲೆ ತೋಡಲು ಬಂಡವಾಳ ಹಾಕಿದವರ ಕೈ ಕಟ್ಟಿದರೆ ಮುಂದೆ ಯಾರೂ ಹಾಕುವುದಿಲ್ಲ ಎಂಬುದು ಕಂಪನಿಗಳ ಮಾತು. ಮೊದಲರ್ಧ ಒಪ್ಪುವಂಥದ್ದೇ, ಅಮೆರಿಕದ 2015ರ ನಿಯಮವೂ ನ್ಯಾಯವಾದ ನಿರ್ವಹಣೆಗೆ ಅವಕಾಶ ಇಟ್ಟಿತ್ತು. ಆ ಹೆಸರಿನಲ್ಲಿ ಯಾರ ಬೆಳೆ ಒಣಗಿತು ಎಂದು ಲೆಕ್ಕ ಕೇಳುವವರು ಯಾರು ಎಂಬುದೇ ಜಗಳ.

ಲೆಕ್ಕ ಕೇಳಬೇಕಾದ್ದು ಎಫ್‌ಸಿಸಿ, ನಮ್ಮ ಟ್ರಾಯ್‌ನಂಥ ಐದು ಸದಸ್ಯರ ಆಯೋಗ. ಇಂಟರ್‌ನೆಟ್ಟನ್ನು ಟೆಲಿಫೋನಿನಂತೆ ‘ಟೆಲಿಕಾಂ ಸೇವೆ’ ಎಂದು ಗುರುತಿಸಿದರೆ 1934ರ ಸಂಪರ್ಕ ಕಾಯ್ದೆಯಡಿ ಬಿಗಿ ನಿಯಮ ಹಾಕಬಹುದು. ‘ಮಾಹಿತಿ ಸೇವೆ’ ಎಂದರೆ ಆಗದು. ದೇಶದ ಅಧ್ಯಕ್ಷರ ಪಕ್ಷ ಬದಲಾದಂತೆ ಆಯೋಗದ ಬಹುಮತವೂ ಬದಲು. 2015ರಲ್ಲಿ ಟಾಮ್ ವೀಲರ್ ಆಯೋಗದ ಮುಖ್ಯಸ್ಥರಾಗಿದ್ದ ಕಾಲದಲ್ಲಿ 3–2 ಮತದಿಂದ ನಿಯಮ ಬಂತು, 2017ರ ಡಿಸೆಂಬರ್‌ನಲ್ಲಿ ಮುಂದಿನ ಮುಖ್ಯಸ್ಥ ಅಜಿತ್ ಪೈ ಕಾಲದಲ್ಲಿ ಅದೇ 3–2ರಿಂದ ಹೋಯಿತು, 2024ರ ಏಪ್ರಿಲ್‌ನಲ್ಲಿ ಮತ್ತೆ 3–2ರಿಂದ ಬಂತು. 2025ರ ಜನವರಿ 2ರಂದು ಆರನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಇಂಟರ್‌ನೆಟ್ ಮಾಹಿತಿ ಸೇವೆಯೇ ಎಂದು ತೀರ್ಪು ಕೊಟ್ಟು ಆ ನಿಯಮವನ್ನು ರದ್ದು ಮಾಡಿತು. ಕಾಯ್ದೆಯ ಅಸ್ಪಷ್ಟ ಮಾತಿಗೆ ಸರ್ಕಾರಿ ಸಂಸ್ಥೆ ಕೊಟ್ಟ ಅರ್ಥವನ್ನು ಕೋರ್ಟು ಗೌರವಿಸುವ ಹಳೆಯ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ಕೈಬಿಟ್ಟಿತ್ತಲ್ಲ, ಅದರ ಫಲ. ಆಯೋಗ ಇನ್ನೊಮ್ಮೆ ಮಗುಚಿದರೆ ಸಾಲದು. ಕಾಯ್ದೆ ತಿದ್ದುವುದಾದರೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸೇ ತಿದ್ದಬೇಕು.

ಉಳಿದಿರುವುದು ರಾಜ್ಯಗಳ ಕಾಯ್ದೆ. ಕ್ಯಾಲಿಫೋರ್ನಿಯಾದ 2018ರ ಎಸ್‌ಬಿ 822 ಬಹಳ ಬಿಗಿ: ಸೈಟು ಮುಚ್ಚುವುದು, ನಿಧಾನ ಮಾಡುವುದು, ದುಡ್ಡಿಗೆ ಸರದಿ ತಪ್ಪಿಸುವುದು ಮೂರೂ ನಿಷಿದ್ಧ, ದುಡ್ಡು ಕೊಟ್ಟ ಆ್ಯಪಿನ ಡೇಟಾವನ್ನು ಮಾತ್ರ ನಿಮ್ಮ ಡೇಟಾ ಮಿತಿಯ ಲೆಕ್ಕಕ್ಕೆ ಹಿಡಿಯದೆ ಬಿಡುವುದೂ ನಿಷಿದ್ಧ. ಸಿಯಾಟಲ್‌ಗೆ ಹೋಗುವವರಿಗೆ ವಾಷಿಂಗ್ಟನ್ ರಾಜ್ಯದ ಕಾಯ್ದೆಯಿದೆ, ಅದೂ 2018ರದ್ದೇ. ನ್ಯೂಜೆರ್ಸಿಯ ಗವರ್ನರ್ ಆದೇಶ ಸರ್ಕಾರದ ಜೊತೆ ಗುತ್ತಿಗೆ ಮಾಡುವ ಕಂಪನಿಗಳಿಗೆ ಮಾತ್ರ. ಟೆಕ್ಸಾಸ್‌ನಲ್ಲಿ ಏನೂ ಇಲ್ಲ. ಅಂದಹಾಗೆ, ಟಿಕ್‌ಟಾಕ್ ಊರಲ್ಲಿ ತೆರೆಯದಿರುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಐಟಿ ಕಾಯ್ದೆಯ 69ಎ ಕಲಮಿನಡಿ 2020ರಲ್ಲಿ ಸರ್ಕಾರವೇ ಇಳಿಸಿದ ತೂಬು.

ರಾಜ್ಯ ಯಾವುದಾದರೂ ಕೈಗೆ ಸಿಗುವ ಆಯುಧ ಒಂದಿದೆ: 2024ರಿಂದ ಪ್ರತಿ ಪ್ಲಾನಿನ ಜೊತೆ ಕಂಪನಿ ತೋರಿಸಬೇಕಾದ ಬ್ರಾಡ್‌ಬ್ಯಾಂಡ್ ಲೇಬಲ್. ಬಿಸ್ಕತ್ತಿನ ಪೊಟ್ಟಣದ ಹಿಂದಿನ ಪಟ್ಟಿಯಂತೆ ಇರುತ್ತದೆ. ಮೇಲಿನ ದೊಡ್ಡಕ್ಷರದ ದರಕ್ಕೆ ಮರುಳಾಗಬೇಡಿ. ಅದು ಆರಂಭಿಕ ದರವಾದರೆ ಎಷ್ಟು ತಿಂಗಳಿಗೆ, ಆಮೇಲೆ ಎಷ್ಟು ಎಂದು ನೋಡಿ. ನಡುವೆ ಬಿಟ್ಟರೆ ಕಟ್ಟಬೇಕಾದ ಶುಲ್ಕ, ಡೇಟಾ ಮಿತಿ, ಮಿತಿ ದಾಟಿದರೆ ಬೀಳುವ ದುಡ್ಡು ಅಲ್ಲೇ ಇರುತ್ತವೆ. ಹೆಚ್ಚಿನವರು ಓದದೆ ಬಿಡುವುದು ಅಪ್‌ಲೋಡ್ ವೇಗ, ಅಂದರೆ ನಿಮ್ಮ ಕಡೆಯಿಂದ ಡೇಟಾ ಹೊರಹೋಗುವ ವೇಗ. ಡೌನ್‌ಲೋಡ್ 300 ಎಂಬಿಪಿಎಸ್ ಇರುವ ಕೇಬಲ್ ಪ್ಲಾನಿನಲ್ಲಿ ಅಪ್‌ಲೋಡ್ 10–20 ಇರುವುದುಂಟು. ಕೊನೆಯಲ್ಲಿ ನೆಟ್‌ವರ್ಕ್ ನಿರ್ವಹಣೆ ಎಂಬ ಲಿಂಕ್ ಇರುತ್ತದೆ. ಯಾವಾಗ ನಿಧಾನ ಮಾಡುತ್ತೇವೆ ಎಂದು ಕಂಪನಿ ಬರೆದುಕೊಡುವುದು ಅಲ್ಲಿ. ಮೊಬೈಲ್ ಪ್ಲಾನಿನ ‘ಅನ್‌ಲಿಮಿಟೆಡ್’ ಪದದ ಅರ್ಥವೂ ಅಲ್ಲೇ ಸಿಗುತ್ತದೆ: ಇಂತಿಷ್ಟು ಜಿಬಿ ಆದ ಮೇಲೆ ದಟ್ಟಣೆಯ ಹೊತ್ತಿನಲ್ಲಿ ನೀವು ನಾಲೆಯ ಕೊನೆ ಭಾಗದ ರೈತ.

ಈಗ ಅಮ್ಮನ ವಿಡಿಯೊ ಕಾಲ್ ನಿಂತು ನಿಂತು ಬರುತ್ತಿದೆ ಎನ್ನಿ. ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ ರಾತ್ರಿ 8 ಎಂದರೆ ಮಂಡ್ಯದಲ್ಲಿ ಮರುದಿನ ಬೆಳಿಗ್ಗೆ 8.30. ಮಾತಿಗೆ ಒಳ್ಳೆಯ ಹೊತ್ತು, ಆದರೆ ಅಲ್ಲಿ ಬೀದಿಗೆ ಬೀದಿಯೇ ಸಿನಿಮಾ ನೋಡುವ ಹೊತ್ತೂ ಹೌದು. ಅಮ್ಮನಿಗೆ ನಿಮ್ಮ ಮುಖ ಕಾಣದಿದ್ದರೆ ಮೊದಲ ಅನುಮಾನ ನಿಮ್ಮ ಅಪ್‌ಲೋಡ್ ಮೇಲೆ. ನಿಮಗೆ ಅಮ್ಮ ಕಾಣದಿದ್ದರೆ ಊರಿನ ವೈಫೈ ಮೇಲೆ. ಲ್ಯಾಪ್‌ಟಾಪನ್ನು ಕೇಬಲ್‌ನಿಂದ ರೌಟರಿಗೆ ಸೇರಿಸಿ ವೇಗ ಅಳೆಯಿರಿ, ಬೆಳಗಿನ ಜಾವ ಮತ್ತೊಮ್ಮೆ ಅಳೆಯಿರಿ. ರಾತ್ರಿ ಎಲ್ಲವೂ ನಿಧಾನ, ಬೆಳಿಗ್ಗೆ ಎಲ್ಲವೂ ಸರಿ ಎಂದರೆ ನಾಲೆಯಲ್ಲೇ ನೀರಿಲ್ಲ. ಒಂದೇ ಆ್ಯಪ್ ನಿಧಾನವಾಗಿದ್ದು, ಯಾವ ಆ್ಯಪ್ ಎಂದು ಕಂಪನಿಗೆ ಕಾಣದಂತೆ ಮುಚ್ಚಿಡುವ ವಿಪಿಎನ್ ಹಾಕಿದ ಕೂಡಲೇ ಸರಿಹೋದರೆ ತೂಬಿನ ಮೇಲೆ ಅನುಮಾನ ಪಡಬಹುದು. ಅನುಮಾನ ಮಾತ್ರ, ಏಕೆಂದರೆ ವಿಪಿಎನ್ ದಾರಿಯನ್ನೇ ಬದಲಿಸುತ್ತದೆ. ಎರಡು ಕಂಪನಿಗಳ ಜಾಲ ಕೂಡುವ ಜಾಗದಲ್ಲಿ ಇಕ್ಕಟ್ಟಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ಫೋನಿನಲ್ಲಿ ಯೂಟ್ಯೂಬ್ ಸದಾ ಮಸುಕಾಗಿದ್ದರೆ ಪ್ಲಾನ್ ನೋಡಿ, ವಿಡಿಯೊ 480ಪಿಗೆ (ಕಡಿಮೆ ಸ್ಪಷ್ಟತೆಗೆ) ಸೀಮಿತ ಎಂದು ಸಣ್ಣಕ್ಷರದಲ್ಲಿ ಇರಬಹುದು.

ದೂರು ಕೊಡಲು ವಕೀಲರು ಬೇಡ. ಎಫ್‌ಸಿಸಿಯ ಗ್ರಾಹಕ ದೂರು ಪುಟದಲ್ಲಿ ‘ಅನೌಪಚಾರಿಕ ದೂರು’ ಉಚಿತ; 1-888-225-5322ಕ್ಕೆ ಕರೆ ಮಾಡಿಯೂ ಕೊಡಬಹುದು. ದೂರು ಕಂಪನಿಗೆ ತಲುಪಿದ ಮೇಲೆ 30 ದಿನದೊಳಗೆ ಅದು ಲಿಖಿತ ಉತ್ತರ ಕೊಡಬೇಕು. ಕಸ್ಟಮರ್ ಕೇರ್‌ನಲ್ಲಿ ಗಂಟೆಗಟ್ಟಲೆ ಹಾಡು ಕೇಳುವುದಕ್ಕಿಂತ ಇದು ವಾಸಿ. ನೆಟ್ ನ್ಯೂಟ್ರಾಲಿಟಿ ಉಲ್ಲಂಘನೆ ಎಂದು ಬರೆದರೆ ಕೇಂದ್ರದಲ್ಲಿ ಈಗ ಬಲವಿಲ್ಲ. ಲೇಬಲ್‌ನಲ್ಲಿ ಹೇಳಿದ ವೇಗ ಇಷ್ಟು, ಇಂತಿಂಥ ದಿನ ಇಷ್ಟು ಹೊತ್ತಿಗೆ ಸಿಕ್ಕಿದ್ದು ಇಷ್ಟು ಎಂದು ಬರೆಯಿರಿ, ಕೇಬಲ್ ಹಾಕಿ ಅಳೆದ ಸ್ಕ್ರೀನ್‌ಶಾಟ್ ಸೇರಿಸಿ. ವೈಫೈಯಲ್ಲಿ ಅಳೆದದ್ದಾದರೆ ಕಂಪನಿ ಮೊದಲ ಸಾಲಿನಲ್ಲೇ ತಪ್ಪನ್ನು ನಿಮ್ಮ ರೌಟರಿನ ಮೇಲೆ ಹಾಕುತ್ತದೆ. ಕ್ಯಾಲಿಫೋರ್ನಿಯಾದಲ್ಲಿದ್ದರೆ ಅದೇ ಕಾಗದಪತ್ರವನ್ನು ರಾಜ್ಯದ ಅಟಾರ್ನಿ ಜನರಲ್ ಕಚೇರಿಗೂ ಕಳಿಸಿ. ಅಲ್ಲಿ ಎಸ್‌ಬಿ 822ರ ಹೆಸರು ಹೇಳಬಹುದು.