ಕುಲುಮೆಯ ಕತ್ತಿಗೆ ಕೈಯಳತೆಯ ಹಿಡಿ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಕುಲುಮೆಯಲ್ಲಿ ಬಡಿದ ಅಡುಗೆ ಕತ್ತಿಗೆ ನಿಮ್ಮ ಕೈಯಳತೆ ನೋಡಿ ಹಿಡಿ ಮಾಡಿಸುವುದು ಅಗ್ಗದ ಕೆಲಸವಲ್ಲ. ಎಷ್ಟೋ ಸಲ ಹಿಡಿಯ ಖರ್ಚು ಕತ್ತಿಯ ಖರ್ಚನ್ನೇ ಮುಟ್ಟುತ್ತದೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಲ್ಲಾಗಲಿ ಆ ಹಣ ದಕ್ಕಬೇಕಾದರೆ ಹಿಡಿಯ ಆಕಾರ ಕೈಗೆ ಒಗ್ಗಬೇಕು, ಕೂರಿಸಿದ ರೀತಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿಗೆ ಬಾಯಿ ಬಿಡಬಾರದು. ಮರದ ಹೆಸರು, ಹೊಳಪು ಇವೆಲ್ಲ ಆಮೇಲಿನ ಮಾತು.

ಮೊದಲು ನಿಮ್ಮ ಅಡುಗೆಮನೆಯಲ್ಲಿ ಯಾವುದರ ಮೇಲೆ ಹೆಚ್ಚುತ್ತೀರಿ ಎಂದು ನೋಡಿ. ಹಲಸಿನಕಾಯಿ, ಬಾಳೆಕಾಯಿ, ಸುವರ್ಣಗಡ್ಡೆ ಎಲ್ಲವೂ ಮೆಟ್ಟುಗತ್ತಿಯ ಮೇಲೆಯೇ ಆಗುವ ಮನೆಯಲ್ಲಿ ಕೈಗತ್ತಿಯ ಪಾಲಿಗೆ ಉಳಿಯುವುದು ಈರುಳ್ಳಿ, ಹಸಿಮೆಣಸು. ಅಲ್ಲಿ ದುಬಾರಿ ಹಿಡಿಯ ಅಗತ್ಯವಿಲ್ಲ. ದಿನಾ ಅರ್ಧ ಗಂಟೆಗಿಂತ ಹೆಚ್ಚು ಕತ್ತಿ ಹಿಡಿಯುವವರು, ಇಸ್ವಾಣ, ಬಂಗಡೆ ಮೀನು ಕೊಯ್ಯುವವರು, ಖಾನಾವಳಿ ನಡೆಸುವವರು, ಹೆಬ್ಬೆರಳ ಬುಡದಲ್ಲಿ ನೋವು ಇರುವವರು ಮುಂದೆ ಓದಿ.

ಹಣ ಕೊಡುವ ಮೊದಲು ಒಂದು ವಾರದ ಪರೀಕ್ಷೆ ಮಾಡಿ. ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲ ಸೀಳಿ ಈಗಿನ ಹಿಡಿಗೆ ಬಿಗಿಯಾಗಿ ಸುತ್ತಿ. ಒಂದು ಸುತ್ತಿನಲ್ಲಿ ಎರಡು ದಿನ ಕೆಲಸ ಮಾಡಿ, ಸಾಲದಿದ್ದರೆ ಇನ್ನೊಂದು ಸುತ್ತು ಸೇರಿಸಿ. ಕೈ ಸೋಲುವುದು ನಿಂತರೆ ನಿಮ್ಮ ಹಿಡಿ ತೆಳುವಾಗಿದೆ ಎಂದರ್ಥ. ದಾರದಿಂದ ಆ ಸುತ್ತಳತೆ ತೆಗೆದಿಟ್ಟುಕೊಳ್ಳಿ, ಹಿಡಿ ಮಾಡುವವರಿಗೆ ಬೇಕಾಗುವುದು ಅದೇ. ಹೆಚ್ಚಿನ ಕೈಗಳಿಗೆ 28 ಮಿ.ಮೀ. ಎತ್ತರ, 20 ಮಿ.ಮೀ. ದಪ್ಪದ ಮೊಟ್ಟೆಯಾಕಾರ, ಅಂದರೆ ಸುಮಾರು 75 ಮಿ.ಮೀ. ಸುತ್ತಳತೆ ಒಗ್ಗುತ್ತದೆ. ಉದ್ದಕ್ಕೆ ಅಂಗೈಯ ಅಗಲದ ಮೇಲೆ ಮೂರು ಸೆಂ.ಮೀ. ಸೇರಿಸಿದರೆ ಸಾಕು. ಪೂರ್ತಿ ದುಂಡಗಿನ ಹಿಡಿ ಮಾತ್ರ ಬೇಡ. ಮೀನಿನ ಲೋಳೆ ತಾಗಿದಾಗ ಅದು ಕೈಯೊಳಗೆ ತಿರುಗುತ್ತದೆ, ಅಲಗು ಯಾವ ಕಡೆಗಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ.

ನೋವು ತೋರುಬೆರಳ ಪಕ್ಕದಲ್ಲಿದ್ದರೆ ತಪ್ಪು ಹಿಡಿಯದಲ್ಲ, ಕತ್ತಿಯ ಬೆನ್ನಿನದು. ಕುಲುಮೆಯ ಕತ್ತಿಗಳ ಬೆನ್ನು ಚೌಕ ಅಂಚಿನದಾಗಿರುತ್ತದೆ. ಅಲಗಿಗೆ ದಪ್ಪ ಬಟ್ಟೆ ಸುತ್ತಿ, 220 ನಂಬರಿನ ಎಮರಿ ಕಾಗದದಲ್ಲಿ (ನಂಬರು ಹೆಚ್ಚಿದಷ್ಟೂ ಕಾಗದ ನಯ) ಹಿಡಿಯ ಹತ್ತಿರದ ಐದು ಸೆಂ.ಮೀ. ಬೆನ್ನನ್ನು ಉಜ್ಜಿ ದುಂಡಗೆ ಮಾಡಿ, 400ರಲ್ಲಿ ಮುಗಿಸಿ. ಕಾಗದದ ದುಡ್ಡಿನಲ್ಲಿ ಕೆಲಸ ಮುಗಿಯಿತು.

ಮರ ಬದಲಿಸಿದರೆ ಕತ್ತಿಯ ತೂಕ ಸರಿಹೋಗುತ್ತದೆ ಎಂದು ಹೇಳಿ ಬೀಟೆ ಹಿಡಿ ಮಾರುವವರಿದ್ದಾರೆ. ಲೆಕ್ಕ ಹಾಕೋಣ. ಮೇಲಿನ ಅಳತೆಯ 12 ಸೆಂ.ಮೀ. ಹಿಡಿಯಲ್ಲಿ ಇರುವುದು 50 ಘನ ಸೆಂ.ಮೀ. ಆಸುಪಾಸಿನ ಮರ. ಸಾಗವಾನಿಯಾದರೆ ಸುಮಾರು 33 ಗ್ರಾಂ, ಬೀಟೆಯಾದರೆ 42. ವ್ಯತ್ಯಾಸ ಹತ್ತು ಗ್ರಾಮಿನ ಒಳಗೇ. ಅದೇ ಹಿಡಿಯೊಳಗಿನ ಕಬ್ಬಿಣ ನೋಡಿ. 3 ಮಿ.ಮೀ. ದಪ್ಪದ ಪಟ್ಟಿ ಹಿಡಿಯ ಉದ್ದಗಲಕ್ಕೂ ಹೋದರೆ ಅದೊಂದೇ 80 ಗ್ರಾಂ ಹತ್ತಿರ, ಕಿರುಬೆರಳಿಗಿಂತ ಸಣ್ಣ ಬಾಲವಾದರೆ, ಅಂದರೆ ಹಿಡಿಯೊಳಗೆ ತೂರುವ ಸಪೂರ ಕಬ್ಬಿಣವಾದರೆ, 17 ಗ್ರಾಂ. ಕತ್ತಿ ಮುಂದಕ್ಕೆ ವಾಲುತ್ತದೋ ಹಿಂದಕ್ಕೋ ಎಂಬುದು ತೀರ್ಮಾನವಾಗುವುದು ಇಲ್ಲಿ. ತೋರುಬೆರಳ ಮೇಲೆ ಕತ್ತಿ ಇಟ್ಟು ತೂಗಿದಾಗ, ಹಿಡಿ ಮುಗಿದು ಒಂದು ಬೆರಳು ಮುಂದೆ ಸಮ ನಿಂತರೆ ತರಕಾರಿಗೆ ಅನುಕೂಲ.

ಮರದ ಆಯ್ಕೆಯಲ್ಲಿ ಜಾತಿಗಿಂತ ಒಣಗಿದ್ದು ದೊಡ್ಡದು. ಹಳೆಯ ಮನೆ ಬಿಚ್ಚಿದಾಗ ಸಿಗುವ ಬಾಗಿಲು, ತೊಲೆಯ ತುಂಡುಗಳಿಗಿಂತ ಒಳ್ಳೆಯದು ಇಲ್ಲಿ ಬೇರೆ ಇಲ್ಲ. ಮೊಳೆ, ಗೆದ್ದಲಿನ ದಾರಿ ಇಲ್ಲದ ಭಾಗ ಆರಿಸಿಕೊಳ್ಳಿ. ಸಾಮಿಲ್‌ನಿಂದ ಹಸಿ ತುಂಡು ತಂದರೆ ಹಿಡಿಯ ಅಳತೆಗಿಂತ ಸ್ವಲ್ಪ ದೊಡ್ಡದಾಗಿ ಸೀಳಿ, ಎರಡೂ ತುದಿಗೆ ಮೇಣ ಹಚ್ಚಿ ನೆರಳಲ್ಲಿಡಿ. ವಾರಕ್ಕೊಮ್ಮೆ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಸತತ ಮೂರು ವಾರ ತೂಕ ಇಳಿಯದಿದ್ದರೆ ಮರ ಸಿದ್ಧ. ಮಳೆಗಾಲದಲ್ಲಿ ಈ ಲೆಕ್ಕ ನಡೆಯದು. ಗಾಳಿಯೇ ಒದ್ದೆಯಾಗಿರುವಾಗ ತೂಕ ನಿಂತ ಮರವೂ ಬೇಸಿಗೆಯಲ್ಲಿ ಕುಗ್ಗುತ್ತದೆ.

ಸಾಗವಾನಿ ಕಡಿಮೆ ಹಿಗ್ಗುತ್ತದೆ, ನಮ್ಮ ಹವೆಗೆ ಅದೇ ನೆಮ್ಮದಿ. ಬೀಟೆ ಗಟ್ಟಿ, ನುಣುಪು, ಸುಂದರ; ಬಿಲ್ಲು ಕೊಡುವ ಮರದ ಡಿಪೊದಿಂದಲೇ ಕೊಳ್ಳಿ, ಉಜ್ಜುವಾಗ ಅದರ ಪುಡಿ ಮೂಗಿಗೆ, ಚರ್ಮಕ್ಕೆ ಕೆಡುಕು, ಮಾಸ್ಕ್ ಬೇಕೇ ಬೇಕು. ಹಲಸು ಹಗುರ, ಅದಕ್ಕೆ ಎಣ್ಣೆ ಹೆಚ್ಚು ಕುಡಿಸಬೇಕು. ಹೊನ್ನೆ ಬೇಡ. ಒದ್ದೆಯಾದಾಗಲೆಲ್ಲ ಬಣ್ಣ ಬಿಡುತ್ತದೆ. ಕಡವೆ ಕೊಂಬಿನ ಹಿಡಿ ಯಾರಾದರೂ ತೋರಿಸಿದರೆ ಮುಟ್ಟಲೇಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಮೀನು ಕೊಯ್ಯುವ ಕತ್ತಿಗೆ ಮರಕ್ಕಿಂತ ಮೈಕಾರ್ಟಾ ಮೇಲು. ಬಟ್ಟೆಯ ಪದರಗಳನ್ನು ರಾಳದಲ್ಲಿ ಅದ್ದಿ ಒತ್ತಿ ಮಾಡಿದ ಹಲಗೆ ಅದು. ನೀರಿಗೆ ಹಿಗ್ಗುವುದಿಲ್ಲವೆನ್ನಬಹುದು, ಮೀನಿನ ವಾಸನೆ ಒಳಗಿಳಿಯುವುದಿಲ್ಲ, ಒದ್ದೆ ಕೈಗೂ ಹಿಡಿತ ಸಿಗುತ್ತದೆ.

ಎರಡು ಹಲಗೆಯ ಹಿಡಿ ಕೂರಿಸುವುದು

ಇದರಲ್ಲಿ ಹಿಡಿಯ ಕಬ್ಬಿಣದ ಪಟ್ಟಿಯ ಎರಡೂ ಬದಿಗೆ ಒಂದೊಂದು ಹಲಗೆ ಅಂಟಿಸಿ ಮೊಳೆ ಹಾಕುತ್ತಾರೆ. ಮೊಳೆಯ ರಂಧ್ರಗಳನ್ನು ಕತ್ತಿಗೆ ಹದ ಕೊಡುವ, ಅಂದರೆ ಕಾಯಿಸಿ ಅದ್ದಿ ಗಟ್ಟಿ ಮಾಡುವ ಮೊದಲೇ ಕೊರೆಸಬೇಕು. ಲಾರಿಯ ಕಮಾನು ಪಟ್ಟಿಯಿಂದ ಮಾಡಿದ ಕತ್ತಿ ಹದವಾದ ಮೇಲೆ ಸಾಮಾನ್ಯ ಡ್ರಿಲ್ ಬಿಟ್ಟಿಗೆ ಬಗ್ಗುವುದಿಲ್ಲ. 4 ಮಿ.ಮೀ. ಹಿತ್ತಾಳೆ ಸರಳಿನ ಎರಡು ಮೊಳೆ ಸಾಕು, ಉದ್ದ ಹಿಡಿಗೆ ಮೂರು. ತುದಿಯಿಂದ 15 ಮಿ.ಮೀ. ಒಳಗಿರಲಿ, ಅದಕ್ಕಿಂತ ಹತ್ತಿರವಾದರೆ ಮರ ಎಳೆಯುದ್ದಕ್ಕೆ ಸೀಳುತ್ತದೆ.

ಹಲಗೆಗಳ ಮುಂತುದಿ, ಅಂದರೆ ಅಲಗಿನ ಕಡೆಯ ಅಂಚನ್ನು ಅಂಟಿಸುವ ಮೊದಲೇ ಓರೆ ಮಾಡಿ ಪೂರ್ತಿ ನಯಗೊಳಿಸಿ. ಅಂಟಿಸಿದ ಮೇಲೆ ಅಲ್ಲಿ ಕಾಗದ ಆಡಿಸಿದರೆ ಅಲಗಿಗೆ ಗೀರು ಬೀಳುತ್ತದೆ. ಕಬ್ಬಿಣವನ್ನೂ ಹಲಗೆಯ ಒಳಮೈಯನ್ನೂ 80 ನಂಬರ್ ಪಾಲಿಶ್ ಪೇಪರಿನಲ್ಲಿ ಒರಟು ಮಾಡಿ, ಅಸಿಟೋನಿನಲ್ಲಿ ಒರೆಸಿ. ಸಾಗವಾನಿ, ಬೀಟೆ ಎರಡರಲ್ಲೂ ಸ್ವಂತ ಎಣ್ಣೆಯಿದೆ. ಒರೆಸದೆ ಅಂಟಿಸಿದ ಹಲಗೆ ಕೆಲವು ತಿಂಗಳಲ್ಲಿ ಚಿಪ್ಪಿನಂತೆ ಎದ್ದು ಬರುತ್ತದೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟು ಬಿಟ್ಟು ನಿಧಾನವಾಗಿ ಕೂರುವ ಎಪಾಕ್ಸಿ ಬಳಸಿ, ಎರಡು ಟ್ಯೂಬಿನಿಂದ ಸಮ ಉದ್ದ ಹಿಂಡಿ ಎರಡು ನಿಮಿಷ ಕಲಸಿ. ಮೊಳೆಗಳಿಗೂ ಸವರಿ. ಕ್ಲಾಂಪನ್ನು ಅಂಚಿನಲ್ಲಿ ಅಂಟು ಇಣುಕುವಷ್ಟೇ ಬಿಗಿಯಿರಿ. ಜೋರಾಗಿ ಬಿಗಿದರೆ ಅಂಟೆಲ್ಲ ಹೊರಬಂದು ಒಳಗೆ ಬರಿದಾಗುತ್ತದೆ, ಅಲ್ಲೇ ಮುಂದೆ ನೀರು ಕೂರುವುದು. ಮುಂತುದಿಗೆ ಹರಿದ ಅಂಟನ್ನು ಹಸಿಯಿರುವಾಗಲೇ ಒರೆಸಿ. 24 ಗಂಟೆ ಮುಟ್ಟಬೇಡಿ.

ಅಂಟಿಸಲು ನವೆಂಬರ್, ಡಿಸೆಂಬರ್ ಒಳ್ಳೆಯ ಕಾಲ. ಆಗಸ್ಟಿನಲ್ಲಿ ಕೂರಿಸಿದ ಮರ ಮಾರ್ಚಿನಲ್ಲಿ ಕುಗ್ಗಿ ಕಬ್ಬಿಣದ ಅಂಚು ಹೊರಗೆ ಎದ್ದು ಅಂಗೈ ಕೆರೆಯುತ್ತದೆ.

ಆಕಾರ ಕೊಡುವಾಗ ಹಿಡಿಯ ಕಬ್ಬಿಣ ಉಜ್ಜುವ ಯಂತ್ರದ ಬೆಲ್ಟಿಗೆ ತಾಗಿ ಕಾಯುತ್ತದೆ. ಬರಿಗೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ ಅಂಟು ಸಡಿಲ, ನಿಲ್ಲಿಸಿ ಆರಿಸಿ. 320ರವರೆಗೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿ ಎದ್ದ ಎಳೆಗಳನ್ನು ಮತ್ತೆ 320ರಲ್ಲಿ ತೆಗೆಯಿರಿ. ಇದನ್ನು ಎರಡು ಸಲ ಮಾಡಿದರೆ ಬಳಕೆಯಲ್ಲಿ ಹಿಡಿ ತರಿತರಿಯಾಗುವುದಿಲ್ಲ. ಅದಕ್ಕಿಂತ ನುಣುಪು ಬೇಡ, ಹೊಳೆಯುವ ಹಿಡಿ ಒದ್ದೆ ಕೈಯಲ್ಲಿ ಜಾರುತ್ತದೆ.

ಬಾಲದ ಕತ್ತಿ

ಬಾಲವನ್ನು ಹಿಡಿಯೊಳಗೆ ತೂರಿಸಿ ಅರಗು ತುಂಬುವ ಹಳೆಯ ಪದ್ಧತಿ ಕಡಿಮೆ ಖರ್ಚಿನದು, ಸರಿಯಾಗಿ ಮಾಡಿದರೆ ಬಾಳಿಕೆಯದೂ ಹೌದು. ಬಾಲ ಹಿಡಿಯ ಮೂರರಲ್ಲಿ ಎರಡು ಪಾಲಿನಷ್ಟಾದರೂ ಒಳಗೆ ಹೋಗಿರಬೇಕು. ಬಾಯಿಗೆ ಹಿತ್ತಾಳೆ ಬಳೆ ಬೇಕು, ಅದಿಲ್ಲದೆ ಮರ ಅಲ್ಲಿಂದಲೇ ಸೀಳುತ್ತದೆ. ಅರಗು ಕರಗಲೆಂದು ಬಾಲ ಕಾಯಿಸುವಾಗ ಅಲಗಿಗೆ ಒದ್ದೆ ಬಟ್ಟೆ ಸುತ್ತಿರಲಿ. ಅಲಗಿನ ಮೇಲೆ ನೀಲಿ ಬಣ್ಣ ಹರಿದರೆ ಅದು ಸುಮಾರು 300 ಡಿಗ್ರಿ ಮುಟ್ಟಿದೆ, ಆ ಭಾಗ ಇನ್ನು ಹರಿತ ಹಿಡಿಯದು. ಅರಗಿನ ಹಿಡಿಯನ್ನು ಕುದಿನೀರಿಗೆ ಅದ್ದಬಾರದು, ಕರಗಿ ಕಳಚುತ್ತದೆ. ಒಳ್ಳೆಯದೆಂದರೆ ಹಿಡಿ ಹಾಳಾದಾಗ ಕಾಯಿಸಿ ಎಳೆದು ಹೊಸದು ಹಾಕಬಹುದು.

ಎಣ್ಣೆಗೆ ಅಗಸೆ ಎಣ್ಣೆಯೇ ಸರಿ. ತೆಳುವಾಗಿ ಹಚ್ಚಿ, ಇಪ್ಪತ್ತು ನಿಮಿಷದ ಮೇಲೆ ಉಳಿದದ್ದನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೊಂದು ಕೈ, ಹೀಗೆ ನಾಲ್ಕೈದು. ಕೊನೆಗೆ ನಾಲ್ಕು ಪಾಲು ಎಣ್ಣೆಗೆ ಒಂದು ಪಾಲು ಜೇನುಮೇಣ ಕರಗಿಸಿ ತಿಕ್ಕಿ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ ಹರವಿಡಿ. ತೆಂಗಿನೆಣ್ಣೆ ಒಣಗುವುದಿಲ್ಲ, ಜಿಗುಟಾಗಿ ಕಮಟುತ್ತದೆ. ಹಲಸಿನ ಮೇಣ ಬಿಡಿಸಲು ಮಾತ್ರ ಅದು. ದೋಣಿಗೆ ಬಳಿಯುವ ಗೋಡಂಬಿ ಸಿಪ್ಪೆಯ ಎಣ್ಣೆಯನ್ನು ಹಿಡಿಗೆ ಹಚ್ಚುವ ಯೋಚನೆಯೇ ಬೇಡ, ಕೈ ಬೊಬ್ಬೆ ಬರುತ್ತದೆ.

ಇನ್ನು ಬೆಲೆ. ಕತ್ತಿ ಹರಿತ ಹಿಡಿಯುವುದೇ ಇಲ್ಲವೆಂದರೆ ಹಿಡಿಗೆ ಒಂದು ರೂಪಾಯಿಯೂ ಬೇಡ, ಮೊದಲು ಅಲಗು ಬದಲಿಸಿ. ಅಲಗು ಒಳ್ಳೆಯದಿದ್ದು ಹಿಡಿ ಮಾತ್ರ ಒಗ್ಗದಿದ್ದರೆ ಅಲಗಿನ ಬೆಲೆಯ ಅರ್ಧದವರೆಗೆ ಕೊಡಬಹುದು. ನುರಿತವರಿಗೂ ಎರಡು ಹಲಗೆಯ ಹಿಡಿ ಮೂರ್ನಾಲ್ಕು ಗಂಟೆಯ ಕೈಕೆಲಸ, ಆ ಕೂಲಿ ನ್ಯಾಯವಾದದ್ದು. ಚೌಕಾಸಿ ಮಾಡುವುದಿದ್ದರೆ ಮರದಲ್ಲಿ ಮಾಡಿ. ಕತ್ತಿ ಬಡಿಯುವ ಆಚಾರಿಯೇ ಹಿಡಿಯನ್ನೂ ಕೂರಿಸಬೇಕೆಂದಿಲ್ಲ. ಶಿರಸಿ, ಕುಮಟಾ, ಹೊನ್ನಾವರದ ಕಡೆ ಕೆತ್ತನೆ ಬಲ್ಲ ಗುಡಿಗಾರರಿದ್ದಾರೆ, ಒಳ್ಳೆಯ ಬಡಗಿಗಳಿದ್ದಾರೆ; ಅಲಗು ಒಬ್ಬರದು, ಹಿಡಿ ಇನ್ನೊಬ್ಬರದು ಆದರೆ ಎರಡೂ ಚೆನ್ನಾಗಿರುತ್ತವೆ.

ಕತ್ತಿ ಕೈಗೆ ಬಂದಾಗ ಹಣ ಕೊಡುವ ಮೊದಲು ಮರ ಮತ್ತು ಕಬ್ಬಿಣ ಸೇರುವ ಗೆರೆಯ ಮೇಲೆ ಉಗುರು ಆಡಿಸಿ, ಎಲ್ಲೂ ಸಿಕ್ಕಬಾರದು. ಬೆಳಕಿಗೆ ಹಿಡಿದು ಸಂದು ನೋಡಿ. ಹಿಡಿಯನ್ನು ಬೆರಳಿಂದ ತಟ್ಟುತ್ತ ಹೋಗಿ. ಒಂದು ಕಡೆ ಮಾತ್ರ ಟೊಳ್ಳು ಸದ್ದು ಬಂದರೆ ಅಲ್ಲಿ ಅಂಟಿಲ್ಲ, ಬಿಚ್ಚಿ ಮತ್ತೆ ಕೂರಿಸಲು ಹೇಳಿ. ಮನೆಯಲ್ಲಿ ಎರಡು ಮಳೆಗಾಲದ ನಂತರ ಆ ಗೆರೆಯಲ್ಲಿ ಕೆಂಪು ತುಕ್ಕು ಒಸರಿದರೆ ಮೇಲಿಂದ ಅಂಟು ಮೆತ್ತಬೇಡಿ. ಒಳಗಿನ ನೀರು ಅಲ್ಲೇ ಸಿಕ್ಕಿಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಮೊಳೆ ಕೊರೆದು ಹಲಗೆ ತೆಗೆಸಿ, ತುಕ್ಕು ಉಜ್ಜಿ ಹೊಸದಾಗಿ ಕೂರಿಸುವುದೊಂದೇ ದಾರಿ.