ಸೀರಿ ಸಿಯಲ್ಲಿ ಜೆಮನ್ ಆಟ: ಮೊನೊಪೊಲಿ ಸೇವ್‌ನ ನನ್ನ ಅನುಭವ

ಇಟಲಿಯ ಮೂರನೇ ಹಂತದ ಲೀಗ್ ಸೀರಿ ಸಿಯಲ್ಲಿ ಕೋಚ್ ಜೆಮನ್ ತರಹ 4-3-3 (ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು) ಹಾಕಿ, ಡಿಫೆನ್ಸ್ ಲೈನನ್ನು ಮೈದಾನದ ಅರ್ಧಕ್ಕೆ ಎತ್ತಿದರೆ ಡಿಸೆಂಬರ್ ಒಳಗೆ ಕೆಲಸ ಹೋಗುತ್ತೆ ಅಂತ ಫುಟ್‌ಬಾಲ್ ಮ್ಯಾನೇಜರ್ ಎಂಬ ಕಂಪ್ಯೂಟರ್ ಗೇಮ್ ಆಡುವ ನನ್ನ ಗೆಳೆಯರೆಲ್ಲ ಹೇಳಿದ್ದರು. ಈಗ ಆ ಗೇಮ್‌ನಲ್ಲಿ ನನ್ನ ಕ್ಲಬ್ ಮೊನೊಪೊಲಿ ಒಂದು ಹಂತ ಮೇಲಿನ ಸೀರಿ ಬಿಯಲ್ಲಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಟ್ಯಾಕ್ಟಿಕ್ ಎಲ್ಲಿ ಸೆಟ್ ಮಾಡಬೇಕು, ಸ್ಕೌಟ್ ಹೇಗೆ ಕಳಿಸಬೇಕು ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಅದು ನಿಮಗೆ ಗೊತ್ತು.

ಫುಟ್‌ಬಾಲ್ ಮ್ಯಾನೇಜರ್ 2024ರಲ್ಲಿ ಆಡಿದ್ದು. ಮೊನೊಪೊಲಿ ಆರಿಸಿದ್ದು ಗುಂಪು ನೋಡಿ. ಮೂರು ಗುಂಪಾಗಿ ಆಡುವ ಸೀರಿ ಸಿಯ 60 ತಂಡಗಳಲ್ಲಿ ದಕ್ಷಿಣ ಇಟಲಿಯವು ಹೆಚ್ಚಾಗಿ ಸಿ ಗುಂಪಿನಲ್ಲಿ ಇರುತ್ತವೆ. ಅವೆಲಿನೊ, ಕಟಾನಿಯಾ, ಬೆನೆವೆಂಟೊ, ಕ್ರೊಟೋನೆ, ಫೊಜ್ಜಾ, ಎಲ್ಲ ಆಗ ಅಲ್ಲೇ ಇದ್ದವು. ಇಂಥ ದಾಳಿ ಆಟಕ್ಕೆ ಪ್ರಸಿದ್ಧರಾದ ಕೋಚ್ ಜ್ಡೆನೆಕ್ ಜೆಮನ್ ಹೆಸರು ಮಾಡಿದ್ದೂ ಈ ಕಡೆಯೇ. ಮೊದಲು ಸಿಸಿಲಿಯ ಲಿಕಾಟಾ, ಆಮೇಲೆ ಫೊಜ್ಜಾ. 1991ರಲ್ಲಿ ಫೊಜ್ಜಾವನ್ನು ಅತಿ ಮೇಲಿನ ಹಂತ ಸೀರಿ ಎಗೆ ಏರಿಸಿದಾಗ ಮುಂದೆ ಆಡುತ್ತಿದ್ದವರು ಬಯಾನೊ, ರಂಬೌದಿ, ಸಿನ್ಯೋರಿ. ಜೆಮನ್ ಸ್ವತಃ ದೊಡ್ಡ ಆಟಗಾರರಾಗಿರಲಿಲ್ಲ. ನಾನೂ ಮ್ಯಾನೇಜರ್ ಹಿನ್ನೆಲೆಯಲ್ಲಿ ಸಂಡೇ ಲೀಗ್ (ಹವ್ಯಾಸಿ) ಆಟಗಾರ ಅಂತಲೇ ಹಾಕಿಕೊಂಡೆ, ಲೈಸೆನ್ಸನ್ನೂ ಕೆಳಮಟ್ಟದ್ದೇ ಇಟ್ಟೆ.

ಗೆಳೆಯರ ವಾದ ಸುಳ್ಳಲ್ಲ. 2010-11ರಲ್ಲಿ ಜೆಮನ್ ಮೂರನೇ ಹಂತದ ಲೀಗ್‌ನಲ್ಲಿದ್ದ ಫೊಜ್ಜಾಕ್ಕೆ ಮರಳಿ ಬಂದಾಗ ಇನ್ಸಿನ್ಯೆ, ಸೌ ಎಂಬ ಇಬ್ಬರು ಹುಡುಗರು ಲೋನ್ ಮೇಲೆ (ಬೇರೆ ಕ್ಲಬ್‌ನಿಂದ ತಾತ್ಕಾಲಿಕವಾಗಿ) ಬಂದು ಗೋಲುಗಳ ಮಳೆ ಸುರಿಸಿದರು. ಆದರೂ ತಂಡ ಬಡ್ತಿಗಾಗಿ ಆಡುವ ಪ್ಲೇಆಫ್ ಮುಟ್ಟಲಿಲ್ಲ. ನಾನು ಅದರ ಮುಂದಿನ ವರ್ಷ ತೋರಿಸುತ್ತಿದ್ದೆ. ಜೆಮನ್ ಕೋಚ್ ಆಗಿದ್ದ ಪೆಸ್ಕಾರಾದಲ್ಲಿ ಅದೇ ಇನ್ಸಿನ್ಯೆ, ಜೊತೆಗೆ ಇಮ್ಮೊಬಿಲೆ, ವೆರಾಟ್ಟಿ. 90 ಗೋಲು, ಸೀರಿ ಬಿ ಚಾಂಪಿಯನ್. ಅಷ್ಟು ಒಳ್ಳೆ ಹುಡುಗರು ನಿನಗೆ ಎಲ್ಲಿ ಸಿಗ್ತಾರೆ ಅಂತ ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕೋದರಲ್ಲೇ ಮೊದಲ ಎರಡು ಸೀಸನ್ ಹೋಯಿತು.

ಮೊದಲ ಸೀಸನ್‌ನಲ್ಲಿ ವೇಜ್ ಬಜೆಟ್ (ಸಂಬಳದ ಮಿತಿ) ವಾರಕ್ಕೆ 30 ಸಾವಿರ ಯೂರೋ ಆಸುಪಾಸು ಇತ್ತು. ಆ ದುಡ್ಡಿಗೆ ಸಿಗುವ ಸೆಂಟರ್ ಬ್ಯಾಕ್‌ಗಳು (ನಡುವಿನ ಡಿಫೆಂಡರ್‌ಗಳು) 33 ವರ್ಷದವರು, ಪೇಸ್ (ವೇಗ) 20ಕ್ಕೆ 8 ಅಥವಾ 9. ಗಾಳಿಯ ಚೆಂಡಿಗೆ ರಾಜರು. ಬೆನ್ನ ಹಿಂದೆ ಚೆಂಡು ಬಿದ್ದರೆ ಅಲ್ಲಿಗೆ ಕತೆ ಮುಗೀತು. ಕ್ರೊಟೋನೆಯಲ್ಲಿ ಐದು ಗೋಲು ತಿಂದೆವು, ಐದೂ ಒಂದೇ ತರಹ. ಆಫ್‌ಸೈಡ್ ಟ್ರ್ಯಾಪ್ (ಎದುರಾಳಿಯನ್ನು ಆಫ್‌ಸೈಡ್‌ಗೆ ಸಿಲುಕಿಸುವ ತಂತ್ರ) ತೆಗೆದು ನೋಡಿದೆ, ಲೈನ್ ಒಂದು ಹಂತ ಇಳಿಸಿ ನೋಡಿದೆ. ತಿನ್ನೋದು ಸ್ವಲ್ಪ ಕಡಿಮೆಯಾಯಿತು, ಹೊಡೆಯೋದು ಪೂರ್ತಿ ನಿಂತಿತು. ಹೇಗೋ ಒಂಬತ್ತನೇ ಸ್ಥಾನಕ್ಕೆ ಬಂದು ಪ್ಲೇಆಫ್‌ಗೆ ಹೋದೆವು. ಮೊದಲ ಸುತ್ತು ನಿಮಗೆ ಗೊತ್ತಲ್ಲ, ಮೇಲಿನ ತಂಡದ ಮೈದಾನದಲ್ಲಿ ಒಂದೇ ಪಂದ್ಯ, ಡ್ರಾ ಆದರೆ ಅವರೇ ಮುಂದಕ್ಕೆ. 2-2 ಆಯಿತು. ಮನೆಗೆ ಬಂದೆವು.

ಪರಿಹಾರ ಹೊಳೆದದ್ದು ಫುಲ್ ಬ್ಯಾಕ್‌ಗಳ (ಬದಿಯ ಡಿಫೆಂಡರ್‌ಗಳ) ಸಂಬಳ ನೋಡುವಾಗ. ಪೇಸ್ 14 ಇರುವ ಸೆಂಟರ್ ಬ್ಯಾಕ್ ಕೈಗೆಟುಕುವುದಿಲ್ಲ. ಅದೇ ಪೇಸ್ ಇರುವ ಫುಲ್ ಬ್ಯಾಕ್, ಅದರಲ್ಲೂ ಕ್ರಾಸಿಂಗ್ (ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು ಕಳಿಸೋದು) ಕೆಟ್ಟದಾಗಿದ್ದರೆ, ವಾರಕ್ಕೆ ಸಾವಿರ ಯೂರೋಗೆ ಬರುತ್ತಾನೆ. ಅಂಥ ಇಬ್ಬರನ್ನು ತಂದು ಸೆಂಟರ್ ಬ್ಯಾಕ್ ಆಗಿ ತರಬೇತಿ ಕೊಟ್ಟೆ. ಇಬ್ಬರೂ ಕುಳ್ಳರು. ಗೆಳೆಯರು ನಕ್ಕರು. ಕಾರ್ನರ್‌ನಲ್ಲಿ ಗೋಲು ತಿನ್ನುತ್ತಿದ್ದದ್ದು ನಿಜ. ಅದನ್ನು ಕೀಪರ್‌ಗೆ ಕೊಟ್ಟ ಒಂದು ಸೂಚನೆಯಿಂದಲೂ, ಸ್ಟ್ರೈಕರ್‌ನನ್ನು ಎಲ್ಲಿ ನಿಲ್ಲಿಸಿದೆ ಅನ್ನೋದರಿಂದಲೂ ಸರಿ ಮಾಡಿದೆ. ಅದೇನು ಅಂತ ಈಗ ಹೇಳೋದಿಲ್ಲ, ಗೆಳೆಯರ ಜೊತೆ ಆನ್‌ಲೈನ್ ಆಟ (ನೆಟ್‌ವರ್ಕ್ ಸೇವ್) ಇನ್ನೂ ನಡೀತಿದೆ.

ಎರಡನೇ ಸೀಸನ್ ಲೋನ್ ಹುಡುಗರದ್ದು. ಯುವೆಂಟಸ್, ಅಟಲಾಂಟಾ ಹತ್ತಿರ ಕೇಳಿ ಸಮಯ ಹಾಳು ಮಾಡಬೇಡಿ. ಅವರ ಎರಡನೇ ತಂಡಗಳೇ ಸೀರಿ ಸಿಯಲ್ಲಿ ಆಡುತ್ತವೆ, ಒಳ್ಳೆಯವರು ಅಲ್ಲಿಗೇ ಹೋಗುತ್ತಾರೆ. ರೋಮಾ, ಲಾಜಿಯೊ, ನಾಪೊಲಿಯ ಹುಡುಗರನ್ನು ನೋಡಿ. ಪ್ರತಿ ಪಂದ್ಯ ಆಡಿಸ್ತೀನಿ ಅಂತ ಮಾತು ಕೊಟ್ಟರೆ ಸಂಬಳ ಪೂರ್ತಿ ಅವರೇ ಕೊಡುತ್ತಾರೆ. ಹೀಗೆ ಐದಾರು ಜನ ಬಂದರು, ಮುಂಚೂಣಿಯ ಮೂವರೂ ಲೋನ್. ಗೋಲು 70 ದಾಟಿತು, ನಾಲ್ಕನೇ ಸ್ಥಾನ. ಜೂನ್ ಕೊನೆಗೆ ಎಲ್ಲರೂ ವಾಪಸ್. ತಂಡದಲ್ಲಿ ಹದಿಮೂರೋ ಹದಿನಾಲ್ಕೋ ಜನ ಉಳಿದರು. ಮಾರೋಣ ಅಂದರೆ ಬೆಲೆ ಬರುವ ಆಟಗಾರನೇ ಇಲ್ಲ. ಖಾತೆ ಏಳೆಂಟು ಲಕ್ಷ ಯೂರೋ ಸಾಲದಲ್ಲಿತ್ತು.

ಅಲ್ಲಿಂದ ನಿಯಮ ಬದಲಾಯಿಸಿದೆ. ಮುಂಚೂಣಿಯ ಮೂವರಲ್ಲಿ ಒಬ್ಬ ಮಾತ್ರ ಲೋನ್. ಉಳಿದ ಇಬ್ಬರು ದೊಡ್ಡ ಕ್ಲಬ್ ಕೈಬಿಟ್ಟ 19-20 ವರ್ಷದ ಹುಡುಗರು. ಈ ಶೈಲಿಯ ಆಟದಲ್ಲಿ ವಿಂಗರ್ (ಬದಿಯಲ್ಲಿ ದಾಳಿ ಮಾಡುವವ) ಯಾರೇ ಇರಲಿ ಗೋಲು ಬರುತ್ತೆ, ಗೋಲು ಬಂದರೆ ಬೆಲೆ ಬರುತ್ತೆ. ಪುಕ್ಕಟೆ ಬಂದ ಎಡ ವಿಂಗರ್ ಒಬ್ಬನನ್ನು ಜನವರಿಯಲ್ಲಿ ಸುಮಾರು 12 ಲಕ್ಷ ಯೂರೋಗೆ ಮಾರಿದೆ, ಮುಂದಿನ ಮಾರಾಟದಲ್ಲಿ 20 ಶೇಕಡಾ ಪಾಲು ಇಟ್ಟುಕೊಂಡು. ಸಾಲ ತೀರಿತು.

ನಡುವೆ ಒಂದೆರಡು ಪ್ರಯೋಗ. ಜೆಮನ್ ತಮ್ಮ ಆಟಗಾರರನ್ನು ಸ್ಟೇಡಿಯಂ ಮೆಟ್ಟಿಲು ಹತ್ತಿಸಿ ಇಳಿಸಿ ಸುಸ್ತು ಮಾಡಿಸುತ್ತಿದ್ದದ್ದು ಪ್ರಸಿದ್ಧ, ಅಲ್ವಾ? ಆಟದಲ್ಲಿ ಮೆಟ್ಟಿಲಿಲ್ಲ. ಅದಕ್ಕೆ ಪ್ರೀ-ಸೀಸನ್ ಪೂರ್ತಿ ಫಿಸಿಕಲ್ ಸೆಷನ್ ತುಂಬಿ, ತೀವ್ರತೆ ದುಪ್ಪಟ್ಟು ಮಾಡಿದೆ. ಆಗಸ್ಟ್‌ಗೆ ಅರ್ಧ ತಂಡ ಫಿಸಿಯೋ ಹತ್ತಿರ. ಮೊದಲ ಮೂರು ವಾರ ಮಾತ್ರ ಹಾಗೆ ಮಾಡಿದರೆ ಲಾಭ ಇದೆ, ಏಪ್ರಿಲ್‌ನಲ್ಲಿ ಗೊತ್ತಾಗುತ್ತೆ.

ಭಾರತದ ವಿಂಗರ್ ಒಬ್ಬನನ್ನು ತರುವ ಆಸೆಯೂ ಇತ್ತು. ಸೀರಿ ಸಿ ಕ್ಲಬ್‌ಗಳು ಯುರೋಪಿಯನ್ ಒಕ್ಕೂಟದ ಹೊರಗಿನವರನ್ನು ವಿದೇಶದಿಂದ ನೇರವಾಗಿ ತರುವ ಹಾಗಿಲ್ಲ. ಆ ಆಸೆ ಅಲ್ಲಿಗೇ ನಿಂತಿತು.

ಇನ್ನೊಂದು ಸರಿಯಾಗಿ ಕೆಲಸ ಮಾಡಿತು. ಬ್ಯಾಂಕ್ ಕೆಲಸ ಬಿಟ್ಟು ಕೋಚ್ ಆದ ಮೌರಿಸಿಯೊ ಸಾರ್ರಿ ಸಾನ್ಸೊವಿನೊ ಕ್ಲಬ್‌ನಲ್ಲಿದ್ದಾಗ 33 ಸೆಟ್ ಪೀಸ್ (ಕಾರ್ನರ್, ಫ್ರೀ ಕಿಕ್‌ನಂಥವು) ಯೋಜನೆ ಇಟ್ಟಿದ್ದರಂತೆ, ಮಿಸ್ಟರ್ 33 ಅನ್ನೋ ಅಡ್ಡಹೆಸರು ಬಂದದ್ದು ಹಾಗೆ. ನನಗೆ ಮೂರು ಸಾಕಾಯಿತು. ಒಬ್ಬ ಸೆಟ್ ಪೀಸ್ ಕೋಚ್‌ಗೆ ಕೊಟ್ಟ ಸಂಬಳ ಬೆಂಚಿನ ಸ್ಟ್ರೈಕರ್‌ಗಿಂತ ಕಡಿಮೆ, ತಂದುಕೊಟ್ಟ ಗೋಲು ಜಾಸ್ತಿ.

ಮೂರನೇ ಸೀಸನ್ ಎರಡನೇ ಸ್ಥಾನ, ಪ್ಲೇಆಫ್ ಸೆಮಿಫೈನಲ್‌ನಲ್ಲಿ ಸೋಲು. ನಾಲ್ಕನೆಯದರಲ್ಲಿ ಗುಂಪು ಗೆದ್ದೆವು. 80ಕ್ಕೂ ಮೇಲೆ ಹೊಡೆದು 45ರ ಹತ್ತಿರ ತಿಂದಿದ್ದೇವೆ. ಅವೆಲಿನೊದಲ್ಲಿ 4-3 ಗೆದ್ದ ದಿನ ಗೆಳೆಯರ ಗುಂಪಿನಲ್ಲಿ ಒಬ್ಬನೂ ಮಾತಾಡಲಿಲ್ಲ.

ಈಗ ತಲೆನೋವು ಬೇರೆ. ಕಡಿಮೆ ಸಂಬಳಕ್ಕೆ ಒಪ್ಪಿಸಲು ಎಲ್ಲರ ಒಪ್ಪಂದದಲ್ಲೂ ಬಡ್ತಿ ಸಿಕ್ಕರೆ 25-30 ಶೇಕಡಾ ಏರಿಕೆ ಅಂತ ಬರೆದುಕೊಟ್ಟಿದ್ದೆ. ಅದೆಲ್ಲ ಒಂದೇ ದಿನ ಜಾರಿಗೆ ಬಂತು. ಸೀರಿ ಬಿಯ ಟಿವಿ ದುಡ್ಡು ಬರೋ ಮೊದಲೇ ವೇಜ್ ಬಜೆಟ್ ತುಂಬಿದೆ. ಕುಳ್ಳ ಸೆಂಟರ್ ಬ್ಯಾಕ್‌ಗಳಲ್ಲಿ ಒಬ್ಬನಿಗೆ 9 ಲಕ್ಷದ ಆಫರ್ ಬಂದಿದೆ. ಜುಲೈ ಮುಗಿಯೋದರೊಳಗೆ ಅವನನ್ನು ಮಾರಿ, ಇನ್ನೊಬ್ಬ ಕ್ರಾಸ್ ಮಾಡಲು ಬಾರದ ಫುಲ್ ಬ್ಯಾಕ್‌ನನ್ನು ಹುಡುಕಬೇಕು.