ಚರ್ಚ್ ಒಳಗಿನ ಬೆರಕೆ ಬೆಳಕಲ್ಲಿ ಫೋಟೊ ತೆಗೆಯುವುದು

ಮೈಸೂರಿನ ಸಂತ ಫಿಲೋಮಿನಾ ಚರ್ಚ್‌ನಂಥ ಗೋಥಿಕ್ ಶೈಲಿಯ ಕಟ್ಟಡದೊಳಗೆ ಮೂರ್ನಾಲ್ಕು ಬಗೆಯ ಬೆಳಕು ಒಟ್ಟಿಗೇ ಇರುತ್ತದೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ; ಅಂಕಿ ಇಳಿದಷ್ಟೂ ಹಳದಿ, ಏರಿದಷ್ಟೂ ನೀಲಿ. ಹಗಲಿನ ಬಿಸಿಲು ಸುಮಾರು 5500 ಕೆಲ್ವಿನ್, ಮೋಡವಿದ್ದರೆ 6500; ಹಳದಿ ಬಲ್ಬು 2700; ಮೇಣದ ಬತ್ತಿ 1900ರ ಆಸುಪಾಸು. ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಇವುಗಳಲ್ಲಿ ಒಂದನ್ನಷ್ಟೇ ಸರಿಮಾಡಬಲ್ಲದು. ಬಲ್ಬಿಗೆ ಹೊಂದಿಸಿದರೆ ಕಿಟಕಿ ಪಕ್ಕದ ಗೋಡೆ ನೀಲಿ, ಹಗಲಿಗೆ ಹೊಂದಿಸಿದರೆ ಬಲ್ಬಿನ ಬೆಳಕಲ್ಲಿರುವ ಬಲಿಪೀಠ (ಆಲ್ಟರ್) ಕಿತ್ತಳೆ.

ಹಾಗಾಗಿ ಮೊದಲು ಕೈ ಹೋಗಬೇಕಾದದ್ದು ಕ್ಯಾಮೆರಾಗಲ್ಲ, ಸ್ವಿಚ್ಚಿಗೆ. ಅನುಮತಿ ಕೇಳುವಾಗಲೇ ದೀಪ ಆರಿಸಿಕೊಡುವವರು ಯಾರೆಂದು ವಿಚಾರಿಸಿ. (ಅನುಮತಿ ಇಲ್ಲದೆ ತೆಗೆಯಬೇಡಿ, ಬಲಿಪೂಜೆ, ಅಂದರೆ ಮಾಸ್ ನಡೆಯುವ ಹೊತ್ತಂತೂ ಬೇಡವೇ ಬೇಡ.) ಟ್ಯೂಬ್‌ಲೈಟ್ ಆರಿದರೆ ಅರ್ಧ ತಲೆನೋವು ಹೋದಂತೆ. ಅದರ ಹಸಿರು ಛಾಯೆ ಕೆಲ್ವಿನ್ ಬದಲಿಸಿದರೆ ಹೋಗದು. ಹಸಿರು-ಮೆಜೆಂಟಾ ಹೊಂದಿಸುವ ಟಿಂಟ್ ಅನ್ನು ಮೆಜೆಂಟಾ ಕಡೆ ತಳ್ಳಬೇಕು, ಆಗ ಉಳಿದ ಗೋಡೆಗಳಿಗೆ ಗುಲಾಬಿ ಬಳಿದಂತಾಗುತ್ತದೆ.

ಟ್ರೈಪಾಡ್ ಮೇಲೆ ಕ್ಯಾಮೆರಾ ಸಮಮಟ್ಟದಲ್ಲಿರಲಿ. ಮೇಲಕ್ಕೆ ಬಾಗಿಸಿದರೆ ಕಂಬಗಳು ಒಳಕ್ಕೆ ವಾಲುತ್ತವೆ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್), ಐಎಸ್‌ಒ (ಬೆಳಕಿನ ಸಂವೇದನೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8, 2 ಸೆಕೆಂಡಿನ ಟೈಮರ್. ಲೆನ್ಸಿನ ಸ್ಟೆಬಿಲೈಸರ್ (ಕೈನಡುಕ ಸರಿದೂಗಿಸುವ ವ್ಯವಸ್ಥೆ) ಆಫ್.

ಬಣ್ಣದ ಗಾಜಿನ ಕಿಟಕಿಗೂ ಕಂಬದ ನೆರಳಿಗೂ ಇರುವ ಬೆಳಕಿನ ಅಂತರ ಒಂದೇ ಫ್ರೇಮಿಗೆ ಹಿಡಿಸದು. ಶಟರ್ ಮಾತ್ರ ಬದಲಿಸುತ್ತ 2 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಅಥವಾ ಇಮ್ಮಡಿ) ಅಂತರದಲ್ಲಿ, ಆಮೇಲೆ ಒಂದಾಗಿ ಬೆಸೆಯಲು, ಐದು ತೆಗೆಯಿರಿ: 8 ಸೆಕೆಂಡ್, 2, 1/2, 1/8, 1/30. ಅಪರ್ಚರ್ ಮುಟ್ಟಿದರೆ ಫ್ರೇಮುಗಳು ಒಂದಕ್ಕೊಂದು ಕೂಡುವುದಿಲ್ಲ. ಕೊನೆಯ ಫ್ರೇಮಲ್ಲಿ ಕೆಂಪು ಚಾನೆಲ್ಲಿನ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರುವ ನಕ್ಷೆ) ಬೇರೆಯಾಗಿ ನೋಡಿ. ಒಟ್ಟು ಹಿಸ್ಟೋಗ್ರಾಮ್ ಚೆನ್ನಾಗಿಯೇ ಕಂಡರೂ ಕೆಂಪು ಗಾಜು ಗೆರೆ-ನೆರಳಿಲ್ಲದೆ ಸಪಾಟಾಗಿರಬಹುದು. ಹಾಗಾಗಿದ್ದರೆ ಇನ್ನೊಂದು, 1/125.

ಬಲಿಪೀಠದ ದೀಪವೂ ಬೇಕೆಂದರೆ ಟ್ರೈಪಾಡ್ ಕದಲಿಸದೆ ಎರಡು ಸುತ್ತು ತೆಗೆಯಿರಿ: ದೀಪ ಆರಿಸಿ ಒಮ್ಮೆ, ಹಚ್ಚಿ ಒಮ್ಮೆ. ಎರಡನ್ನೂ ತಂತಮ್ಮ ಕೆಲ್ವಿನ್‌ನಲ್ಲಿ ಡೆವಲಪ್ ಮಾಡಿ, ಎರಡು ಲೇಯರುಗಳಾಗಿ ಇಟ್ಟು, ಬಲಿಪೀಠದ ಸುತ್ತ ಮಾತ್ರ ದೀಪದ ಲೇಯರ್ ಕಾಣುವಂತೆ ಮೆತ್ತನೆಯ ಮಾಸ್ಕ್ ಹಾಕಿ. ದೀಪಕ್ಕೆ ಪೂರ್ತಿ 2700 ಕೊಡಬೇಡಿ. 3500ರ ಹತ್ತಿರ ಬಿಟ್ಟರೆ ತುಸು ಹಳದಿ ಉಳಿದು ಕಣ್ಣಿಗೆ ಸಹಜವೆನಿಸುತ್ತದೆ.

ದೀಪ ಆರಿಸಲು ಒಪ್ಪದಿದ್ದರೆ 4000 ಕೆಲ್ವಿನ್ನಿಗೆ ಹೊಂದಿಸಿ, ಆಮೇಲೆ ಕಿಟಕಿ ಬದಿಯ ಗೋಡೆಯಲ್ಲಿ ನೀಲಿಯ ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸಬಹುದು. ರಾಜಿಯೇ, ಆದರೆ ನಡೆಯುತ್ತದೆ. ಕೈಯಲ್ಲೇ ಹಿಡಿದು ತೆಗೆಯುವವರು ಶಟರ್ 1/50 ಅಥವಾ 1/100ರಲ್ಲಿಡಿ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಶಟರ್ ವೇಗ ಹೆಚ್ಚಿದರೆ ಚಿತ್ರದಲ್ಲಿ ಪಟ್ಟೆ ಬೀಳುತ್ತದೆ.

ವೈಟ್ ಬ್ಯಾಲೆನ್ಸ್ ಅಳೆಯಲು ಬಳಸುವ ಬೂದು ಬಣ್ಣದ ಗ್ರೇ ಕಾರ್ಡನ್ನು ಬಣ್ಣದ ಗಾಜಿನ ಬೆಳಕು ಬೀಳದ ಬೆಂಚಿನ ಮೇಲಿಡಿ. ನೆಲದ ಮೇಲೆ ಚೆಲ್ಲಿದ ಆ ಕೆಂಪು, ನೀಲಿ ತೇಪೆಗಳನ್ನು ಮಾತ್ರ ತಿದ್ದಲು ಹೋಗಬೇಡಿ.